ಧಾರವಾಡದ ಊಟದ ಪಂಕ್ತಿ ಮತ್ತು ಹಾಡಿನ ಬೈಠಕ್ಕು: ನಗರ ಸಂಸ್ಕೃತಿಯ ಒಂದು ವಿವೇಚನೆ

ಧಾರವಾಡವನ್ನು ಕುರಿತು ಬರೆಯುವವರು ಪೇಢೆ, ಸಂಗೀತ, ಸಾಹಿತ್ಯ ಎಂಬ ಮೂರು ಹೆಸರುಗಳನ್ನು ಒಟ್ಟಿಗೇ ಹೇಳುವುದು ರೂಢಿಯಾಗಿದೆ. ಈ ಮೂರೂ ಇದೇ ಊರಿನಲ್ಲಿ ಏಕೆ ನೆಲೆಯೂರಿದವು ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಇಲ್ಲಿಯ ಹವೆ ಹಾಗಿದೆ, ಇಲ್ಲಿಯ ನೀರು ಹಾಗಿದೆ’ ಎಂಬುದು. ಮಲೆನಾಡಿನ ಅಂಚು ಬಯಲುಸೀಮೆಯನ್ನು ಮುಟ್ಟುವ ಜಾಗದಲ್ಲಿ ಕಂಠ ತಾನಾಗಿ ತೆರೆಯುತ್ತದೆ, ಹಾಲು ತಾನಾಗಿ ಸಿಹಿಯಾಗುತ್ತದೆ, ಕವಿತೆ ತಾನಾಗಿ ಹುಟ್ಟುತ್ತದೆ ಎಂಬ ಈ ನಂಬಿಕೆ ಅಭಿಮಾನದ ದೃಷ್ಟಿಯಿಂದ ಕ್ಷಮ್ಯವಾದರೂ ವಿವರಣೆಯ ದೃಷ್ಟಿಯಿಂದ ಸಾಲದು. ಇದೇ ಹವೆ, ಇದೇ ನೀರು ಇರುವ ಊರುಗಳು ಪಶ್ಚಿಮ ಘಟ್ಟದ ಪೂರ್ವದ ಸೆರಗಿನುದ್ದಕ್ಕೂ ಇವೆ. ಅಲ್ಲೆಲ್ಲ ಹೀಗಾಗಲಿಲ್ಲ.

ಹವೆಯ ವಿವರಣೆಯಲ್ಲಿ ಇನ್ನೂ ಒಂದು ತೊಡಕಿದೆ. ಅದು ಮನುಷ್ಯರನ್ನು ಮರೆಸುತ್ತದೆ. ಪೇಢೆಯನ್ನು ತಂದವರು ಯಾರು, ಖ್ಯಾಲ್ ಗಾಯನವನ್ನು ತಂದವರು ಯಾರು, ಅವರಿಗೆ ಊಟ ಹಾಕಿದವರು ಯಾರು, ಯಾರಿಗೆ ಹೊಸ್ತಿಲೊಳಗೆ ಪ್ರವೇಶವಿತ್ತು, ಯಾರು ಹೊರಗೆ ಕುಳಿತು ಕೇಳಬೇಕಾಗಿತ್ತು ಎಂಬ ಪ್ರಶ್ನೆಗಳು ಹವೆಯ ಮಾತಿನಲ್ಲಿ ಕರಗಿಹೋಗುತ್ತವೆ. ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಹಿಡಿದು ಧಾರವಾಡದ ಆಹಾರ, ಕಲೆ ಹಾಗೂ ಕೂಡುಬಾಳನ್ನು ಒಂದೇ ಚರಿತ್ರೆಯಾಗಿ ನೋಡಲು ಯತ್ನಿಸುತ್ತದೆ. ಊಟದ ಪಂಕ್ತಿ ಮತ್ತು ಹಾಡಿನ ಬೈಠಕ್ಕು ಎರಡೂ ಈ ಊರಿನಲ್ಲಿ ಒಂದೇ ಬಗೆಯ ದಾರಿಗಳಿಂದ ತುಂಬಿದವು, ಒಂದೇ ಬಗೆಯ ಹೊಸ್ತಿಲುಗಳಲ್ಲಿ ತಡೆದು ನಿಂತವು ಎಂಬುದು ಇಲ್ಲಿಯ ಪ್ರತಿಪಾದನೆ.

ಭೂಗೋಳಕ್ಕೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸುವುದು ನ್ಯಾಯ. ಧಾರವಾಡದ ಮೂಡಲಿಗೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಹತ್ತಿಗಳ ನೆಲ. ಪಡುವಲಿಗೆ ಕಲಘಟಗಿಯ ಕಡೆ ಹೋದಂತೆ ಮಣ್ಣು ಕೆಂಪಾಗಿ, ಮಳೆ ಹೆಚ್ಚಾಗಿ, ಬತ್ತದ ಗದ್ದೆಗಳು ಕಾಣತೊಡಗುತ್ತವೆ. ಎರಡೂ ಕಡೆಯ ಕಾಳು ಇದೇ ಪೇಟೆಗೆ ಬರುತ್ತಿತ್ತು. ಇಲ್ಲಿಯ ಊಟದ ಕ್ರಮವನ್ನು ನೋಡಿದರೆ ಈ ಸಂಗತಿ ತಾಟಿನಲ್ಲಿಯೇ ಬರೆದಂತಿದೆ: ಮೊದಲು ಜೋಳದ ರೊಟ್ಟಿ, ಅದರ ಜೊತೆಗೆ ಪಲ್ಯ ಚಟ್ನಿಗಳು, ಕಡೆಗೆ ಅನ್ನ, ಸಾರು, ಮಜ್ಜಿಗೆ. ಶುದ್ಧ ಬಯಲುಸೀಮೆಯ ಬಡವರ ಮನೆಯಲ್ಲಿ ಅನ್ನವೆಂಬುದು ಹಬ್ಬದ ಪದಾರ್ಥವಾಗಿದ್ದ ಕಾಲದಲ್ಲಿಯೂ ಧಾರವಾಡದ ಮಧ್ಯಮ ವರ್ಗದ ಊಟದಲ್ಲಿ ಅದು ನಿತ್ಯದ ಕೊನೆಯ ತುತ್ತಾಗಿತ್ತು.

ರೊಟ್ಟಿಯನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗಿ ಇಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಾಕಿ, ಪರಾತದಲ್ಲಿ ಅಂಗೈಯ ಬುಡದಿಂದ ನಾದಿ, ಕೈಯಿಂದಲೇ ಬಡಿದು ಅಗಲಿಸಬೇಕು; ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ ತಿರುವಬೇಕು. ರೊಟ್ಟಿ ಬಡಿಯುವ ಸಪ್ಪಳದಿಂದ ಮನೆಯಲ್ಲಿ ಎಷ್ಟು ಜನರಿಗೆ ಅಡುಗೆ ನಡೆದಿದೆ ಎಂಬುದನ್ನು ನೆರೆಯವರು ಅಂದಾಜು ಮಾಡುತ್ತಿದ್ದರು. ಬಿಸಿ ರೊಟ್ಟಿಗೆ ಎಣ್ಣೆಗಾಯಿ, ಝುಣಕ, ಹೆಸರು ಇಲ್ಲವೆ ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು. ಇವುಗಳಿಗಿಂತ ಹೆಚ್ಚು ಗಮನಿಸಬೇಕಾದುವು ಪುಡಿಚಟ್ನಿಗಳು: ಶೇಂಗಾ, ಅಗಸಿ, ಗುರೆಳ್ಳು, ಪುಠಾಣಿ. ಇವೆಲ್ಲ ಎಣ್ಣೆಕಾಳು ಅಥವಾ ಬೇಳೆಕಾಳು, ವಾರಗಟ್ಟಲೆ ಕೆಡದಂಥವು. ಒಣಗಿಸಿದ ಖಡಕ್ ರೊಟ್ಟಿಯೂ ಹಾಗೆಯೇ. ಅಂದರೆ ಈ ಊಟ ಮೂಲತಃ ಪಯಣಕ್ಕೆ ಒದಗುವ ಊಟ. ಒಂದು ಅರಿವೆಯಲ್ಲಿ ಕಟ್ಟಿ ಹೊಲಕ್ಕೆ, ಸಂತೆಗೆ, ಜಾತ್ರೆಗೆ, ಪರಸ್ಥಳಕ್ಕೆ ಒಯ್ಯಬಹುದಾದ ‘ಬುತ್ತಿ’. ಬುತ್ತಿ ಎಂಬ ಈ ಪದ ಮುಂದೆ ನಮ್ಮ ವಿಷಯಕ್ಕೆ ಮತ್ತೆ ಬರುತ್ತದೆ.

ಈ ಜೋಳದ ನೆಲದ ಹೆಸರನ್ನು ಹೊತ್ತು ದೇಶದುದ್ದಕ್ಕೂ ಹೋದ ಪದಾರ್ಥ ಮಾತ್ರ ಈ ನೆಲದ್ದಲ್ಲ. ಧಾರವಾಡ ಪೇಢೆಯ ಮೂಲವನ್ನು ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ ಮನೆತನಕ್ಕೆ ಜೋಡಿಸಲಾಗುತ್ತದೆ. ರಾಮರತನಸಿಂಗ್ ಠಾಕೂರರು ಪ್ಲೇಗಿನ ಉಪದ್ರವದಿಂದ ಊರು ಬಿಟ್ಟು ಧಾರವಾಡಕ್ಕೆ ಬಂದು ಪೇಢೆ ಮಾಡಿ ಮಾರತೊಡಗಿದರೆಂದೂ ಮೊಮ್ಮಗ ಬಾಬುಸಿಂಗರ ಕಾಲಕ್ಕೆ ಅದು ಪ್ರಸಿದ್ಧಿಗೆ ಬಂದಿತೆಂದೂ ಪರಂಪರೆಯ ಹೇಳಿಕೆ. ಲೈನ್ ಬಜಾರದ ಅಂಗಡಿ ಈ ಕಥೆಯ ಕೇಂದ್ರ. ಇದೇ ಹೇಳಿಕೆಯೊಂದಿಗೆ ‘175 ವರ್ಷಗಳ ಇತಿಹಾಸ’ ಎಂಬ ಮಾತೂ ಸೇರಿಕೊಂಡಿದೆ. ಇವೆರಡನ್ನೂ ಒಟ್ಟಿಗೆ ಒಪ್ಪುವುದು ಸಂಶೋಧಕನಿಗೆ ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಮಹಾ ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಅಲ್ಲಿಂದ ಬೇರೆ ಪ್ರಾಂತಗಳಿಗೆ ಹಬ್ಬಿತು; ಅದಕ್ಕೆ ಮುನ್ನ 1836ರ ಸುಮಾರಿಗೆ ತಲೆಯೆತ್ತಿದ ಪ್ಲೇಗು ರಾಜಸ್ಥಾನದ ಪಾಲಿಯ ಸುತ್ತಿನದು. ಆದ್ದರಿಂದ ಒಂದೋ ವರ್ಷಗಳ ಎಣಿಕೆಯನ್ನು ಕಡಿಮೆ ಮಾಡಬೇಕು, ಇಲ್ಲವೇ ಪ್ಲೇಗು ಎಂಬ ಪದವನ್ನು ಯಾವುದೋ ಸಾಂಕ್ರಾಮಿಕ ರೋಗ ಎಂಬ ಸಡಿಲ ಅರ್ಥದಲ್ಲಿ ತೆಗೆದುಕೊಳ್ಳಬೇಕು. ಕಾಲ ಯಾವುದೇ ಇರಲಿ, ಉತ್ತರದಿಂದ ಬಂದ ಕೈಯೊಂದು ಇಲ್ಲಿ ನೆಲೆ ಕಂಡಿತೆಂಬುದರಲ್ಲಿ ಸಂದೇಹವಿಲ್ಲ. ಇದಕ್ಕೆ ಪೇಢೆಯೇ ಸಾಕ್ಷಿ. ಖವೆಯನ್ನು ಕಂದುಬಣ್ಣ ಬರುವವರೆಗೆ ಹುರಿದು ಸಕ್ಕರೆಯ ಪುಡಿಯಲ್ಲಿ ಹೊರಳಿಸುವ ಕ್ರಮ ಮಥುರೆಯ ಪೇಢೆಯಲ್ಲಿಯೂ ಇದೆ. ಧಾರವಾಡದ ಪೇಢೆ ಅದರ ಸಮೀಪದ ಬಂಧು. 1933ರಲ್ಲಿ ಇಲ್ಲಿ ಆರಂಭವಾದ ಮಿಶ್ರಾ ಪೇಢೆಯ ಮನೆತನವೂ ಉತ್ತರದಿಂದ ಬಂದದ್ದೇ.

ಹುರಿಯುವ ಈ ಕೆಲಸದಲ್ಲಿ ಪೇಢೆಯ ಗುಟ್ಟಿದೆ. ಎಮ್ಮೆಯ ಹಾಲನ್ನು ಕಾಸಿ ಇಂಗಿಸಿ ಖವೆ ಮಾಡಿ, ಅದಕ್ಕೆ ಸಕ್ಕರೆ ಕೂಡಿಸಿ, ಕಬ್ಬಿಣದ ಕಡಾಯಿಯಲ್ಲಿ ಹದವಾದ ಉರಿಯ ಮೇಲೆ ಬಹಳ ಹೊತ್ತು ಕೈಯಾಡಿಸುತ್ತಾರೆ. ಹಾಲಿನ ಸಸಾರಜನಕವೂ ಸಕ್ಕರೆಯ ಅಂಶವೂ ಕಾವಿನಲ್ಲಿ ಕೂಡಿ ಆ ಕಂದುಬಣ್ಣ, ಆ ತುಸು ಕಮರಿದ ಪರಿಮಳ ಬರುತ್ತವೆ. ನೀರಿನಂಶ ಇಳಿಯುವುದರಿಂದ ಬಿಳಿಯ ಪೇಢೆಗಿಂತ ಇದು ಹೆಚ್ಚು ದಿನ ತಾಳುತ್ತದೆ. ರೈಲಿನಲ್ಲಿ ಪುಣೆಗೋ ಮುಂಬಯಿಗೋ ಒಯ್ಯಲು ಅಡ್ಡಿಯಿಲ್ಲ. ರೊಟ್ಟಿ ಚಟ್ನಿಗಳ ಪ್ರವಾಸಗುಣವೇ ಇದರಲ್ಲಿಯೂ ಇದೆ ಎಂಬುದು ಗಮನಾರ್ಹ.

ಕೈ ಉತ್ತರದ್ದಾದರೆ ಹಾಲು ಇಲ್ಲಿಯದು. ಧಾರವಾಡದ ಸುತ್ತ ಎಮ್ಮೆಗಳನ್ನು ಸಾಕಿಕೊಂಡಿರುವ ಗವಳಿ ಸಮುದಾಯದವರು ಪೇಢೆಯ ಅಂಗಡಿಗಳಿಗೆ ಹಾಲು ಒದಗಿಸುತ್ತ ಬಂದವರು. ಅವರು ಸಾಕುವ, ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ಕೋಡಿನ ಎಮ್ಮೆಯನ್ನು ‘ಧಾರವಾಡಿ’ ಎಂಬ ಪ್ರತ್ಯೇಕ ತಳಿಯೆಂದು ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರವು ಇತ್ತೀಚಿನ ವರ್ಷಗಳಲ್ಲಿ ದಾಖಲು ಮಾಡಿಕೊಂಡಿದೆ. ಪೇಢೆಗೆ ಭೌಗೋಳಿಕ ಸೂಚಕದ ಮಾನ್ಯತೆ ಅದಕ್ಕೆ ಮುನ್ನವೇ ದೊರೆತಿತ್ತು. ಪೇಢೆಯ ಬಗೆಗೆ ನಡೆದ ಬರವಣಿಗೆಯಲ್ಲಿ ಅಂಗಡಿಕಾರರ ಮನೆತನಗಳಿಗೆ ದೊರೆತ ಜಾಗದ ಹತ್ತರಲ್ಲಿ ಒಂದು ಪಾಲೂ ಗವಳಿಗರಿಗೆ ದೊರೆತಿಲ್ಲ. ಮೇವಿನ ಬಯಲುಗಳು ನಿವೇಶನಗಳಾಗುತ್ತಿರುವ ಊರಿನಲ್ಲಿ ಈ ಮರೆವು ಬರಿಯ ಬರವಣಿಗೆಯ ದೋಷವಾಗಿ ಉಳಿಯುವುದಿಲ್ಲ.

ಉತ್ತರದಿಂದ ಬಂದದ್ದು ಪೇಢೆಯೊಂದೇ ಅಲ್ಲವಷ್ಟೆ. ಕಿರಾಣಾ ಘರಾಣೆ ತನ್ನ ಹೆಸರನ್ನು ಪಡೆದದ್ದು ಇಂದಿನ ಉತ್ತರ ಪ್ರದೇಶದ ಕೈರಾನಾ ಊರಿನಿಂದ; ಜೈಪುರ-ಅತ್ರೌಲಿ ಘರಾಣೆಯ ಅತ್ರೌಲಿ ಇರುವುದು ಅಲಿಗಢದ ಬಳಿ. ಈ ದೂರದ ಗಾಯನಗಳು ಕನ್ನಡದ ಕಂಠಗಳಿಗೆ ಹೇಗೆ ಬಂದವು ಎಂಬುದನ್ನು ತಿಳಿಯಲು ಧಾರವಾಡದ ಆಡಳಿತ ಚರಿತ್ರೆಯನ್ನು ನೋಡಬೇಕು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡ ಮೇಲೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಜಿಲ್ಲೆಯ ಮುಖ್ಯಸ್ಥಳವಾಯಿತು. ಕಚೇರಿ, ಕೋರ್ಟು, ಶಾಲೆಗಳು ಬಂದವು. ಶಿಕ್ಷಕರ ತರಬೇತಿಯ ಶಾಲೆ ಬಂದಿತು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಅದರ ಮೂಲಕ ಕನ್ನಡ ಶಿಕ್ಷಣವನ್ನು ಕಟ್ಟಿದರು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನ ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳು ಒಂದೇ ಹಳಿಯ ಮೇಲೆ ಬಂದವು. 1908ರಲ್ಲಿ ಈ ಕಂಪನಿ ಮದ್ರಾಸಿನ ರೈಲ್ವೆಯೊಡನೆ ವಿಲೀನವಾದ ಮೇಲೆ ಅದರ ಭವ್ಯ ಕಟ್ಟಡ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನ ಪಾಲಿಗೆ ಬಂದಿತು. ರೈಲಿನ ಕಚೇರಿಯೇ ವಿದ್ಯಾಲಯವಾದ ಈ ಸಂಗತಿಯನ್ನು ಧಾರವಾಡದ ಸಾಂಸ್ಕೃತಿಕ ಚರಿತ್ರೆಕಾರರು ಕೇವಲ ಕಟ್ಟಡದ ವಿವರವೆಂದು ದಾಟಿಹೋಗುತ್ತಾರೆ. ಊರಿನ ಸಂಗೀತಕ್ಕೂ ಸಾಹಿತ್ಯಕ್ಕೂ ಆ ಹಳಿಗಳು ಎಷ್ಟು ಮುಖ್ಯವಾಗಿದ್ದುವೆಂಬುದನ್ನು ನೆನೆದರೆ ಅಲ್ಲಿ ತುಸು ನಿಲ್ಲಬೇಕೆನಿಸುತ್ತದೆ.

ಈ ಹಳಿಯ ಮೇಲೆ ಬಂದವರಲ್ಲಿ ಮರಾಠಿ ನಾಟಕ ಮಂಡಳಿಗಳು ಮೊದಲ ಸಾಲಿನವು. ಮರಾಠಿಯ ಆಡಳಿತ, ಮರಾಠಿಯ ಶಾಲೆ, ಮರಾಠಿಯ ರಂಗಭೂಮಿ ಇವುಗಳ ಒತ್ತಡದಲ್ಲಿ ಕನ್ನಡದ ಎಚ್ಚರ ಮೂಡಿತೆಂಬುದು ತಿಳಿದ ವಿಷಯ. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕಟ್ಟಿದ ನಾಟಕ ಮಂಡಳಿ, 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇದೇ ಎಚ್ಚರದ ಫಲಗಳು. ಆದರೆ ಭಾಷೆಯಲ್ಲಿ ಪ್ರತಿರೋಧಿಸಿದ ಊರು ಸಂಗೀತದಲ್ಲಿ ಪ್ರತಿರೋಧಿಸಲಿಲ್ಲ. ಮರಾಠಿ ರಂಗಭೂಮಿಯ ಬೆನ್ನ ಹಿಂದೆ ಬಂದ ಹಿಂದುಸ್ಥಾನಿ ಗಾಯನವನ್ನು ತನ್ನದಾಗಿ ಮಾಡಿಕೊಂಡಿತು. ಬಾಲಗಂಧರ್ವರ ಗುರುಗಳಾದ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಸಿತಾರರತ್ನ ರಹಿಮತ್ ಖಾನರು ಇಲ್ಲಿಯೇ ನೆಲೆಸಿ 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯವನ್ನು ಆರಂಭಿಸಿದರು. ಅವರ ಮೊಮ್ಮಗ ಬಾಲೇಖಾನರವರೆಗೆ, ಅವರ ನಂತರವೂ, ಆ ಮನೆಯ ಸಿತಾರ ಈ ಊರಿನ ಸಿತಾರವೇ ಆಯಿತು.

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದವರು. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಈ ಭಾಗದಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯ ಆತಿಥ್ಯ ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ರಾಮಚಂದ್ರ ಕುಂದಗೋಳಕರ ಎಂಬ ತರುಣ ಖಾನರ ಶಿಷ್ಯನಾಗಿ, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಸವಾಯಿ ಗಂಧರ್ವರೆನಿಸಿದರು. ಮಲ್ಲಿಕಾರ್ಜುನ ಮನ್ಸೂರರ ಮಾರ್ಗವೂ ನಾಟಕ ಕಂಪನಿಯ ಮೂಲಕವೇ ಹಾದಿದೆ: ಕಂಪನಿಯ ಬಾಲನಟ, ಮಿರಜದ ನೀಲಕಂಠಬುವಾ ಅಲೂರಮಠರ ಶಿಷ್ಯ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ, ಬುರ್ಜೀಖಾನರಲ್ಲಿ ತಾಲೀಮು. ಮನ್ಸೂರು ಗ್ರಾಮದ ಲಿಂಗಾಯತ ಹುಡುಗ ಅತ್ರೌಲಿಯ ಮುಸಲ್ಮಾನ ಗಾಯಕಿಯ ವಾರಸುದಾರನಾದ ಈ ಕಥೆಯನ್ನು ಅವರೇ ‘ನನ್ನ ರಸಯಾತ್ರೆ’ಯಲ್ಲಿ ಹೇಳಿದ್ದಾರೆ.

ಈ ಶಿಕ್ಷಣಪದ್ಧತಿಯಲ್ಲಿ ಊಟದ ಸ್ಥಾನ ಏನೆಂಬುದನ್ನು ಸಂಗೀತ ಲೇಖಕರು ಸಾಮಾನ್ಯವಾಗಿ ‘ಗುರುಸೇವೆ’ ಎಂಬ ಪದದಲ್ಲಿ ಮುಚ್ಚಿಬಿಡುತ್ತಾರೆ. ಶಿಷ್ಯ ಗುರುವಿನ ಮನೆಯಲ್ಲಿ ಉಣ್ಣುತ್ತಿದ್ದ. ಪ್ರತಿಯಾಗಿ ನೀರು ತರುತ್ತಿದ್ದ, ಮನೆಗೆಲಸ ಮಾಡುತ್ತಿದ್ದ. ಕುಂದಗೋಳದಲ್ಲಿ ಭೀಮಸೇನ ಜೋಶಿಯವರು ಕೊಡಗಟ್ಟಲೆ ನೀರು ಹೊತ್ತದ್ದು ದಂತಕಥೆಯೇ ಆಗಿದೆ. ಇದರಲ್ಲಿ ಭಕ್ತಿಯ ಅಂಶವಿದ್ದುದು ನಿಜ. ಜೊತೆಗೆ ಇದು ಒಂದು ಲೆಕ್ಕಾಚಾರವೂ ಹೌದು: ಕಲಿಕೆಗೆ ಹಣವಿಲ್ಲದ ಹುಡುಗನಿಗೆ ಅನ್ನ ಮತ್ತು ವಿದ್ಯೆ ಒಂದೇ ಮನೆಯಲ್ಲಿ ಸಿಗಬೇಕಾಗಿತ್ತು. ಈ ಲೆಕ್ಕವನ್ನು ವ್ಯಕ್ತಿಯ ಮನೆಯಿಂದ ಹೊರತಂದು ಸಂಸ್ಥೆಯಾಗಿಸಿದ ದೊಡ್ಡ ಪ್ರಯೋಗ ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊಟವಿಕ್ಕಿ ಹಾಡು ಕಲಿಸಿದರು. ಪುಟ್ಟರಾಜ ಗವಾಯಿಗಳು ಅದನ್ನು ಮುಂದುವರಿಸಿದರು. ಧಾರವಾಡದಲ್ಲಿ ಬಾಳಿದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಗದಗು 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ದಾಸೋಹವೆಂಬ ಶರಣರ ಪರಿಕಲ್ಪನೆ ಹಿಂದುಸ್ಥಾನಿ ಗಾಯನಕ್ಕೆ ಆಧಾರಸ್ತಂಭವಾದ ಬಗೆ ಭಾರತದ ಸಂಗೀತ ಚರಿತ್ರೆಯಲ್ಲಿಯೇ ವಿಶಿಷ್ಟವೆಂದು ನನ್ನ ಭಾವನೆ.

ಇಷ್ಟರವರೆಗೆ ಹೇಳಿದ್ದು ಬಾಗಿಲು ತೆರೆದ ಕಥೆ. ಮುಚ್ಚಿದ ಬಾಗಿಲುಗಳೂ ಇದ್ದವು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಬಾಲ್ಯ ಶುಕ್ರವಾರಪೇಟೆಯಲ್ಲಿ ಕಳೆಯಿತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಉತ್ತಮ ಗಾಯಕಿ. ಅವರ ಹಾಡನ್ನು ಕೇಳಲು ಅಬ್ದುಲ್ ಕರೀಂ ಖಾನರಂಥವರೂ ಆ ಮನೆಗೆ ಬಂದದ್ದುಂಟು. ಅದೇ ಓಣಿಯಲ್ಲಿ ನೆರೆಯವರ ಹಿತ್ತಿಲಿನ ಮಾವಿನ ಕಾಯಿಗೆ ಕೈಹಾಕಿದ್ದಕ್ಕೆ ಹುಡುಗಿ ಬೈಸಿಕೊಂಡದ್ದು ಕಾಯಿ ಕದ್ದಳೆಂದಲ್ಲ, ಹಾಡುವವರ ಮನೆಯ ಕೂಸು ತಮ್ಮ ಹಿತ್ತಿಲನ್ನು ಮೆಟ್ಟಿದಳೆಂದು. ಮುಂದೆ ಕೀರ್ತಿ ಬಂದ ಮೇಲೆ ಅಂಥವರೇ ಮನೆಗೆ ಕರೆದು ಊಟಕ್ಕಿಟ್ಟದ್ದನ್ನು ಗಂಗೂಬಾಯಿಯವರು ಯಾವ ಕಹಿಯೂ ಇಲ್ಲದೆ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಆ ಬಾಲೆಯ ಮನಸ್ಸಿನಲ್ಲಿದ್ದ ಅಳುಕು ಶ್ರುತಿಯದಲ್ಲ, ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಕೂರಿಸುವರೋ, ಎಂಜಲು ಬಳಿಯಲು ಹೇಳುವರೋ ಎಂಬುದು. ಬೈಠಕ್ಕಿನಲ್ಲಿ ದೊರೆತ ಮರ್ಯಾದೆ ಪಂಕ್ತಿಯಲ್ಲಿ ದೊರೆಯುತ್ತಿರಲಿಲ್ಲ. ಧಾರವಾಡದ ಸಂಗೀತವನ್ನು ‘ಸರ್ವಧರ್ಮ ಸಮನ್ವಯ’ವೆಂದು ಹೊಗಳುವ ಲೇಖನಗಳು ಈ ಅಂತರವನ್ನು ಅಳೆಯದೆ ಮುಂದೆ ಸಾಗುತ್ತವೆ.

ಇನ್ನೊಂದು ನಷ್ಟವೂ ಇಲ್ಲಿಯೇ ದಾಖಲಾಗಬೇಕು. ಮಗಳ ಹಿಂದುಸ್ಥಾನಿ ಕಂಠದ ಮೇಲೆ ತನ್ನ ಛಾಯೆ ಬೀಳಬಾರದೆಂದು ಅಂಬಾಬಾಯಿ ತಮ್ಮ ಕರ್ನಾಟಕ ಗಾಯನವನ್ನೇ ನಿಲ್ಲಿಸಿದರು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಭಾಗದಲ್ಲಿ ಮಹಿಳೆಯರು ಉಳಿಸಿಕೊಂಡು ಬಂದಿದ್ದ ಒಂದು ಹಾಡುಗಾರಿಕೆ ಹೀಗೆ ಸದ್ದಿಲ್ಲದೆ ಹಿಂದೆ ಸರಿಯಿತು. ಘರಾಣೆಗಳ ಆಗಮನದ ಸಂಭ್ರಮದಲ್ಲಿ ಹೋದದ್ದರ ಲೆಕ್ಕ ಇಟ್ಟವರು ಕಡಿಮೆ. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. 1930ರ ದಶಕದ ಕೊನೆಗೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಮುಗಿಸಿ ರಾತ್ರಿ ಮರಳುತ್ತಿದ್ದರು. ಭೀಮಸೇನರಂತೆ ಗುರುಗೃಹದಲ್ಲಿ ನೆಲೆಸಿ ಕಲಿಯುವ ದಾರಿ ಸಂಸಾರಸ್ಥಳಾದ ಹೆಣ್ಣುಮಗಳಿಗೆ ಇರಲಿಲ್ಲ. ರೈಲಿತ್ತು.

ವಿದ್ಯಾರ್ಥಿಗಳ ಊಟದ ಚರಿತ್ರೆ ಇದಕ್ಕೆ ಸಮಾಂತರವಾಗಿ ನಡೆದಿದೆ. ಬಡ ಬ್ರಾಹ್ಮಣ ಹುಡುಗರು ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರಾನ್ನ ಉಂಡು ಓದಿದರು. ಆ ಏಳು ಮನೆಗಳ ಬಾಗಿಲು ಒಂದೇ ಜಾತಿಗೆ ತೆರೆದಿತ್ತು. ಇತರರಿಗಾಗಿ ಬೇರೆ ದಾರಿಗಳನ್ನು ಕಟ್ಟಬೇಕಾಯಿತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು 1883ರಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ನಿಧಿಯನ್ನು ಕಟ್ಟಿದರು. ಮುರುಘಾಮಠದ ಮೃತ್ಯುಂಜಯಪ್ಪಗಳು ಪ್ರಸಾದ ನಿಲಯವನ್ನು ನಡೆಸಿ ಹಳ್ಳಿಯ ಮಕ್ಕಳಿಗೆ ಉಚಿತ ಊಟ ವಸತಿ ಒದಗಿಸಿದರು. ಮಲ್ಲಿಕಾರ್ಜುನ ಮನ್ಸೂರರು ತಮ್ಮ ಮನೆಗೆ ‘ಮೃತ್ಯುಂಜಯ’ ಎಂದು ಹೆಸರಿಟ್ಟರೆಂಬುದು ಈ ಎಲ್ಲ ಎಳೆಗಳು ಎಲ್ಲಿ ಕೂಡುತ್ತವೆ ಎಂಬುದಕ್ಕೆ ಒಂದು ಗುರುತು. ಇನ್ನು ಖಾನಾವಳಿ. ಕಾಸು ಕೊಟ್ಟವರಿಗೆಲ್ಲ ರೊಟ್ಟಿ ಬಡಿಸುವ ಈ ವ್ಯವಸ್ಥೆಯೂ ಆರಂಭದಲ್ಲಿ ಜಾತಿಯ ಫಲಕವನ್ನು ಹೊತ್ತೇ ಬಂದಿತು: ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಖಾನಾವಳಿ’, ‘ಮರಾಠಾ ಖಾನಾವಳಿ’. ಹಸಿದ ಗುಮಾಸ್ತನೂ ವಿದ್ಯಾರ್ಥಿಯೂ ಕಾಲಕ್ರಮದಲ್ಲಿ ಈ ಫಲಕಗಳನ್ನು ಓದದೆ ಒಳಗೆ ಹೋಗತೊಡಗಿದರು. ಫಲಕದ ಮೇಲಿನ ಮೊದಲ ಪದ ಹಲವೆಡೆ ರುಚಿಯ ಸೂಚನೆಯಾಗಿ ಮಾತ್ರ ಉಳಿಯಿತು.

ಹಳ್ಳಿಯಿಂದ ಬುತ್ತಿ ಕಳುಹಿಸುವ ಪದ್ಧತಿ ಇವೆಲ್ಲಕ್ಕಿಂತ ಹೆಚ್ಚು ಮನೆಮಾತಿನದು. ಧಾರವಾಡದಲ್ಲಿ ಕೋಣೆ ಹಿಡಿದು ಓದುತ್ತಿದ್ದ ಮಗನಿಗೆ ತಾಯಿ ರೊಟ್ಟಿ, ಪಲ್ಯ, ಚಟ್ನಿಗಳನ್ನು ಕಟ್ಟಿ ಮುಂಜಾನೆಯ ಬಸ್ಸಿಗೆ ಕೊಡುತ್ತಿದ್ದಳು. ಮಗ ನಿಲ್ದಾಣಕ್ಕೆ ಬಂದು ಇಳಿಸಿಕೊಳ್ಳುತ್ತಿದ್ದ. ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ತಿರುಗಿ ಹೋಗುತ್ತಿತ್ತು. ಚಾಲಕ ನಿರ್ವಾಹಕರು ಇದಕ್ಕೆ ತಕರಾರು ಮಾಡಿದ್ದು ಅಪರೂಪ. ಉತ್ತರ ಕರ್ನಾಟಕದ ಎರಡು ಮೂರು ಪೀಳಿಗೆಯ ಶಿಕ್ಷಕರು, ವಕೀಲರು, ಅಧಿಕಾರಿಗಳು ಈ ಬುತ್ತಿಯ ಮೇಲೆ ಓದಿದವರು. ಒಬ್ಬನ ಬುತ್ತಿ ಕೋಣೆಯ ನಾಲ್ವರ ಪಾಲಾಗುತ್ತಿತ್ತಾದ್ದರಿಂದ, ಮನೆಯಲ್ಲಿ ಸಾಧ್ಯವಾಗದಿದ್ದ ಸಹಪಂಕ್ತಿ ಬಾಡಿಗೆಯ ಕೋಣೆಗಳಲ್ಲಿ ಯಾವ ಘೋಷಣೆಯೂ ಇಲ್ಲದೆ ನಡೆದುಹೋಯಿತು. ನಗರದ ಸಾಮಾಜಿಕ ಚರಿತ್ರೆಯಲ್ಲಿ ಸಹಭೋಜನದ ಸಭೆಗಳಿಗಿಂತ ಈ ಕೋಣೆಗಳಿಗೆ ಹೆಚ್ಚಿನ ಮಹತ್ವ ಕೊಡಬೇಕೆಂದು ನನಗೆ ತೋರುತ್ತದೆ.

ಸಾಹಿತ್ಯದ ಕೂಟಗಳನ್ನು ಕುರಿತು ಸಾಕಷ್ಟು ಬರವಣಿಗೆ ಬಂದಿರುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1922ರಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು, 1926ರಿಂದ ಅವರು ಆಚರಣೆಗೆ ತಂದ ನಾಡಹಬ್ಬ, 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಇವು ಪ್ರಸಿದ್ಧ. ಗ್ರಂಥಮಾಲೆಯ ‘ಅಟ್ಟ’ದ ಮೇಲೆ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಕೂಡಿ ಮಾತಾಡಿದ್ದರಿಂದ ‘ಯಯಾತಿ’, ‘ಸಂಸ್ಕಾರ’ದಂಥ ಕೃತಿಗಳು ಓದುಗರಿಗೆ ಬಂದ ಬಗೆ ಕನ್ನಡಿಗರಿಗೆ ಗೊತ್ತಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿ ಗಮನಿಸಬೇಕಾದದ್ದು ಈ ಕೂಟಗಳ ಸ್ವರೂಪ: ಸದಸ್ಯತ್ವವಿಲ್ಲ, ಆಹ್ವಾನಪತ್ರವಿಲ್ಲ; ಮೆಟ್ಟಿಲು ಹತ್ತಿ ಬಂದವನಿಗೆ ಚಹಾ, ಚುರುಮುರಿ. ಅಡಕಿಯ ಡಬ್ಬಿ ಸುತ್ತು ಹೋಗುವಷ್ಟು ಹೊತ್ತು ಮಾತು. ಧಾರವಾಡದ ವಿದ್ವಾಂಸರ ಮನೆಗಳೂ ಹಾಗೆಯೇ ಇದ್ದವು. ಸಂಶೋಧನ ವಿದ್ಯಾರ್ಥಿ ಮೊದಲೇ ತಿಳಿಸದೆ ಬಂದು ಬಾಗಿಲು ತಟ್ಟಬಹುದಾಗಿತ್ತು. 2015ರ ಆಗಸ್ಟ್ 30ರ ಮುಂಜಾನೆ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲನ್ನು ತಟ್ಟಿದವರಿಗೂ ಅದು ಹೀಗೆಯೇ ತೆರೆಯಿತು. ಹೊಸ್ತಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಆ ಮೇಲೆ ಊರಿನ ಎಷ್ಟೋ ಹಿರಿಯರ ಮನೆಗಳಲ್ಲಿ ಬಾಗಿಲು ತೆರೆಯುವ ಮುನ್ನ ‘ಯಾರು?’ ಎಂದು ಕೇಳುವ ರೂಢಿ ಬಂದಿದೆ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. ಅದೇ ವರ್ಷ, ಹಿಂದಿನ ವರ್ಷ ಮು೦ಬಯಿಯಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿಶ್ವವಿದ್ಯಾಲಯವೂ ಇಲ್ಲಿಗೆ ಬಂದಿತು. ವಾಡೆಯ ದೇಸಾಯಿ, ನಾಟಕ ಕಂಪನಿಯ ಯಜಮಾನ ಇವರ ಆಶ್ರಯ ಕುಗ್ಗುತ್ತಿದ್ದ ಹೊತ್ತಿಗೆ ಕಲಾವಿದನಿಗೆ ಸಂಬಳ ಕೊಡುವ ಎರಡು ಸಾರ್ವಜನಿಕ ಸಂಸ್ಥೆಗಳು ಹೀಗೆ ಒದಗಿದುವು. ಮನ್ಸೂರರು ಆಕಾಶವಾಣಿಯ ಸಂಗೀತ ಸಲಹೆಗಾರರಾದರು. ರೇಡಿಯೊ ಮಾಡಿದ ಇನ್ನೊಂದು ಕೆಲಸ ಅಷ್ಟೇ ದೊಡ್ಡದು. ವಾಡೆಯ ಪಡಸಾಲೆಯಲ್ಲಿ ಯಾರು ಎಲ್ಲಿ ಕೂಡಬೇಕೆಂಬ ಕಟ್ಟು ಇತ್ತು. ರೇಡಿಯೊದ ಮುಂದೆ ಅದಿಲ್ಲ. ಖಾನಾವಳಿಯ ಗಲ್ಲೆಯ ಮೇಲಿಟ್ಟ ಪೆಟ್ಟಿಗೆಯಿಂದ ಹೊರಟ ಸ್ವರ ರೊಟ್ಟಿ ಉಣ್ಣುವವನಿಗೂ ತಾಟು ಬೆಳಗುವವನಿಗೂ ಒಂದೇ ಸಮನೆ ಕೇಳಿಸಿತು. ಊಟದ ಮನೆ ಮತ್ತು ಬೈಠಕ್ಕು ಒಂದೇ ಮಾಡಿನ ಕೆಳಗೆ ಬಂದದ್ದು ಬಹುಶಃ ಆಗಲೇ.

ಇಂದು ಚಿತ್ರ ಬೇರೆಯಾಗಿದೆ. ಜೋಳದ ರೊಟ್ಟಿಯ ಊಟ ಬೆಂಗಳೂರಿನ ‘ಉತ್ತರ ಕರ್ನಾಟಕ ಶೈಲಿ’ಯ ಹೋಟೆಲುಗಳಿಗೆ ಹೋಗಿದೆ, ಖಡಕ್ ರೊಟ್ಟಿ ಮಹಿಳೆಯರ ಗುಂಪುಗಳಿಗೆ ಜೀವನೋಪಾಯವಾಗಿದೆ, ಪೇಢೆ ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಅಚ್ಚುಕಟ್ಟಾದ ಪೆಟ್ಟಿಗೆಗಳಲ್ಲಿ ಕೂತಿದೆ. ಗುರುಗೃಹದ ಪದ್ಧತಿಯನ್ನು ಸರ್ಕಾರದ ವೆಚ್ಚದಲ್ಲಿ ಮುಂದುವರಿಸುವ ಯತ್ನವಾಗಿ 2011ರಲ್ಲಿ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲ ಆರಂಭವಾಯಿತು. ಶಿಷ್ಯರಿಗೆ ಊಟ, ವಸತಿ, ಶಿಕ್ಷಣ ಮೂರನ್ನೂ ಒಂದೇ ಆವರಣದಲ್ಲಿ ಒದಗಿಸುವುದು ಅದರ ಕಲ್ಪನೆ. ಎಂಜಲು ಬಳಿಯಬೇಕಾದೀತೆಂದು ಅಂಜಿದ್ದ ಬಾಲಕಿಯ ಹೆಸರಿನಲ್ಲಿ ಎಲ್ಲ ಜಾತಿಯ ಶಿಷ್ಯರು ಒಂದೇ ಸಾಲಿನಲ್ಲಿ ಉಣ್ಣುವಂತಾದದ್ದು ಸಣ್ಣ ಸಂಗತಿಯಲ್ಲ.

ದಾಖಲಾಗದೆ ಉಳಿದಿರುವುದು ಮಾತ್ರ ಬಹಳ. ಮನ್ಸೂರರ ಮನೆ ಸ್ಮಾರಕವಾಗಿದೆ, ಬೇಂದ್ರೆಯವರ ಸಾಧನಕೇರಿಯಲ್ಲಿ ಭವನವಿದೆ. ಖಾನಾವಳಿಗಳ ಹಳೆಯ ಲೆಕ್ಕದ ಪುಸ್ತಕಗಳನ್ನು ಯಾವ ಗ್ರಂಥಾಲಯವೂ ಕೂಡಿಸಿಟ್ಟಿಲ್ಲ. ತಿಂಗಳ ಊಟಕ್ಕೆ ಹೆಸರು ಬರೆಸಿದವರ ಪಟ್ಟಿ, ಬಾಕಿ ಉಳಿಸಿಹೋದವರ ಊರು, ಯಾವ ವರ್ಷದಿಂದ ಯಾವ ಓಣಿಯ ಜನ ಯಾವ ಖಾನಾವಳಿಗೆ ಬರತೊಡಗಿದರು ಎಂಬ ವಿವರಗಳು ಅವುಗಳಲ್ಲಿ ಸಿಗುತ್ತಿದ್ದವು. ಪ್ರಸಾದ ನಿಲಯಗಳ ದಾಖಲಾತಿ ಪುಸ್ತಕಗಳು, ಗವಳಿಗರ ಮನೆಗಳಿಂದ ಪೇಢೆಯ ಅಂಗಡಿಗಳಿಗೆ ಹೋದ ಹಾಲಿನ ಚೀಟಿಗಳು ಇದೇ ಜಾತಿಯ ಆಕರಗಳು. ಅಂಗಡಿ ಕೈಬದಲಾದಾಗ, ಹಳೆಯ ಮನೆ ಕೆಡವಿದಾಗ ಇವು ರದ್ದಿಗೆ ಹೋಗುತ್ತವೆ. ಅಕಾಡೆಮಿಗಳೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೂ ಮೊದಲು ಹೋಗಿ ಕೇಳಬೇಕಾದದ್ದು ಮುಚ್ಚುವ ಹಂತದಲ್ಲಿರುವ ಖಾನಾವಳಿಗಳ ಗಲ್ಲೆಯ ಬಳಿ.